ಎರಡು ಮುಕ್ಕಾಲು ಸುತ್ತಿನ ಗಾಬರಿ

ಕಳೆದ ಮಳೆಗಾಲದಲ್ಲಿ ಪುಣೆ ಹತ್ತಿರದ ಮುಳಶಿಯ ಕೆಸರಿನಲ್ಲಿ ನನ್ನ ಹಳೆಯ ಸಿಜೆ-3ಬಿ ಜೀಪಿನ ಹಿಂದಿನ ಎಡಗಾಲಿ ಮುಷ್ಕರ ಹೂಡಿತು. ಎಂಜಿನ್ ಅರಚುತ್ತಿದೆ, ಶಾಫ್ಟ್ ತಿರುಗುತ್ತಿದೆ, ಗಾಲಿ ಮಾತ್ರ ಕದಲದು. ಮುಂದಿನ ಗಾಲಿಗಳ ಬಲದಿಂದ ಹೇಗೋ ತೆವಳಿಕೊಂಡು ಹೊರಬಂದೆ. ಬಿಚ್ಚಿ ನೋಡಿದರೆ ಹಬ್ಬಿನ ಕೀ, ಅಂದರೆ ಗಾಲಿ ಕೂರುವ ಹಬ್ಬನ್ನು ಶಾಫ್ಟಿಗೆ ಸೇರಿಸುವ ಸಣ್ಣ ಬೆಣೆ, ತುಂಡಾಗಿತ್ತು. ಈ ಜೀಪಿನ ಹಿಂದಿನ ಆಕ್ಸಲ್, ಅಂದರೆ ಗಾಲಿಗಳ ಅಚ್ಚು, ಡಾನಾ 44 ಮಾದರಿಯದು. ಅದರಲ್ಲಿ ಹಬ್ ಬೇರೆ, ಶಾಫ್ಟ್ ಬೇರೆ. ಶಾಫ್ಟಿನ ತುದಿ ಗಜ್ಜರಿಯಂತೆ ಕಿರಿದಾಗುತ್ತಾ ಹೋಗುತ್ತದೆ; ಹಬ್ ಅದನ್ನು ಕಚ್ಚಿ ಹಿಡಿಯಬೇಕು. ನಟ್ ಸಡಿಲವಾದರೆ ಆ ಕಚ್ಚು ತಪ್ಪಿ, ಇಡೀ ಜಗ್ಗಾಟ ಕಿರುಬೆರಳಿಗಿಂತ ಸಣ್ಣ ಕೀಯ ಮೇಲೆ ಬೀಳುತ್ತದೆ.

ನಟ್ ಬಿಗಿದವನು ನಾನೇ. ಆದರೂ ಬೈದದ್ದು ಆಕ್ಸಲನ್ನು.

ಹೇಗೂ 33 ಇಂಚು ಎತ್ತರದ ಟೈರ್ ಹಾಕುವ ಆಸೆ ಮನಸ್ಸಿನಲ್ಲಿತ್ತು. ನೆಪ ಸಿಕ್ಕಿತು. ಭೋಸರಿಯ ಗುಜರಿಯೊಂದರಲ್ಲಿ ಹಳೆಯ ಲಘು ಟ್ರಕ್ಕಿನ ಹಿಂದಿನ ಆಕ್ಸಲ್ ನೋಡಿದವನೇ ಸೋತುಹೋದೆ. ಫುಲ್ ಫ್ಲೋಟಿಂಗ್! ಅಂದರೆ ಗಾಡಿಯ ಭಾರವನ್ನು ಹಬ್ಬಿನ ಬೇರಿಂಗುಗಳು ಹೊರುತ್ತವೆ, ಶಾಫ್ಟಿಗೆ ತಿರುಗಿಸುವ ಕೆಲಸವೊಂದೇ. ಶಾಫ್ಟ್ ಮುರಿದರೂ ಗಾಲಿ ಕಳಚಿ ಓಡುವುದಿಲ್ಲ. ನನ್ನ ಜೀಪಿನದು ಸೆಮಿ ಫ್ಲೋಟಿಂಗ್. ಶಾಫ್ಟ್ ಭಾರವನ್ನೂ ಹೊರಬೇಕು, ತಿರುಗಿಸಲೂ ಬೇಕು.

ತಂದು ಇಳಿಸಿದ್ದು ನಮ್ಮ ಅಥಣಿಯ ಕಡೆಯ ಕಾಕಾನ ಗ್ಯಾರೇಜಿನಲ್ಲಿ. ಕಾಕಾ ಏನೂ ಹೇಳದೆ, "ಮೊದಲು ನಿಮ್ಮ ಗಾಡಿಯ ಲೆಕ್ಕ ತೆಗೆಯಿರಿ ಸಾಹೇಬರೇ" ಎಂದರು. ಜಾಕಿ ಕೊಟ್ಟು ಒಂದು ಗಾಲಿ ಎತ್ತಿದೆ, ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ತಿರುಗಿಸಿದೆ. ಎಂಜಿನ್ ಕಡೆಯಿಂದ ಆಕ್ಸಲಿಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟ್ ಎರಡು ಮುಕ್ಕಾಲು ಸುತ್ತಿನ ಹತ್ತಿರ ಬಂದು ನಿಂತಿತು. ಗಾಲಿಯ ಒಂದು ಸುತ್ತಿಗೆ ಈ ಜೀಪಿನ ಶಾಫ್ಟ್ 5.38 ಸುತ್ತಬೇಕಲ್ಲ! ಯಾರೋ ಒಳಗಿನ ಗೇರ್ ಬದಲಿಸಿದ್ದಾರೆಂದು ಎದೆ ಧಸಕ್ಕೆಂದಿತು. ಕಾಕಾ ನಕ್ಕು ಇನ್ನೊಂದು ಗಾಲಿಯನ್ನು ತೋರಿಸಿದರು; ಅದು ನೆಲದ ಮೇಲೇ ಇತ್ತು. ಒಂದು ಗಾಲಿ ನಿಂತಿದ್ದರೆ, ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಅರ್ಧ ಲೆಕ್ಕವನ್ನೇ ಹೇಳುತ್ತದೆ. ಇಪ್ಪತ್ತೆರಡು ವರ್ಷ ಚಿಂಚವಡದಲ್ಲಿ ಗೇರ್ ಅಳೆದ ನನಗೆ ಇದು ಹೊಳೆಯಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಜೀಪಿನ ಆಕ್ಸಲಿನೊಳಗಿನ ದೊಡ್ಡ ಗೇರ್ ಕ್ರೌನಿಗೆ 43 ಹಲ್ಲು, ಅದನ್ನು ತಿರುಗಿಸುವ ಸಣ್ಣ ಪಿನಿಯನ್ನಿಗೆ 8. ಗುಜರಿಯ ಆಕ್ಸಲಿನಲ್ಲಿ ಎಣಿಸಿದರೆ 41 ಮತ್ತು 8. ಎರಡೇ ಹಲ್ಲಿನ ವ್ಯತ್ಯಾಸ, ಏನಾಗುತ್ತದೆ ಎಂದೆ. ಕಾಕಾ ಕಾಗದದ ಮೇಲೆ ಬರೆದರು: ಪ್ರೊಪೆಲ್ಲರ್ ಶಾಫ್ಟ್ ನೂರು ಸುತ್ತಿದರೆ ಮುಂದಿನ ಗಾಲಿ 18.6 ಸುತ್ತು, ಹಿಂದಿನದು 19.5. ಈ ಜೀಪಿಗೆ ಮುಂದಿನ, ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಒಣ ನೆಲದಲ್ಲಿ ಫೋರ್-ವೀಲ್ ಹಾಕಿದರೆ ಮುಂದಿನದೂ ಹಿಂದಿನದೂ ಜಗಳಕ್ಕೆ ಬಿದ್ದು, ಯಾವುದು ಸೊರಗಿದೆಯೋ ಅದು ಒಡೆಯುತ್ತದೆ. ಮುಂದಿನ ಆಕ್ಸಲನ್ನೂ ಬದಲಿಸಬೇಕು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿತ್ತು. ಈ ಜೀಪಿನಲ್ಲಿ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟುಗಳು ಬಲಮಗ್ಗುಲಿನಲ್ಲಿ ಹೊರಡುತ್ತವೆ, ಹಾಗಾಗಿ ಆಕ್ಸಲಿನಲ್ಲಿ ಗೇರುಗಳಿರುವ ಉಬ್ಬೂ ಬಲಕ್ಕೇ ಇದೆ. ಟ್ರಕ್ಕಿನದು ಸರಿಯಾಗಿ ನಡುವೆ. ಶಾಫ್ಟ್ ಓರೆಯಾಗಿ ಓಡಬೇಕಾಗುತ್ತಿತ್ತು.

ಟೈರಿನ ಲೆಕ್ಕವನ್ನು ಆಮೇಲೆ ಮಾಡಿದೆ. ಮೂಲದ 6.00-16 ಅಳತೆಯ ಟೈರಿನ ಎತ್ತರ ಸುಮಾರು 28 ಇಂಚು. 33 ಹಾಕಿದರೆ 5.38 ಇದ್ದದ್ದು 4.56ರಂತೆ ನಡೆದುಕೊಳ್ಳುತ್ತದೆ, ಏರಿನಲ್ಲಿ ಎಂಜಿನ್ ತಿಣುಕುತ್ತದೆ. ಗುಜರಿಗೆ ಹೋಗುವ ಮೊದಲೇ ಮಾಡಬೇಕಿದ್ದ ಲೆಕ್ಕ ಇದು. ರಸ್ತೆಯ ಗಾಡಿಯ ಮೂಲ ವಿನ್ಯಾಸ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ಅಡ್ಡಬರುತ್ತದೆ ಎಂಬುದನ್ನು ಆಸೆಯ ಭರದಲ್ಲಿ ಮರೆತಿದ್ದೆ.

ಕೊನೆಗೆ ಡಾನಾ 44 ಆಕ್ಸಲನ್ನೇ ಉಳಿಸಿಕೊಂಡೆ. ಹೊಸ ಕೀ, ಹೊಸ ಬೇರಿಂಗು, ಹೊಸ ಸೀಲು. ಟೈರ್ 7.00-16, ಅಷ್ಟೇ. ಈ ಸಲ ನಟ್ ಬಿಗಿದದ್ದು ಕಾಕಾ, ನಾನು ಟಾರ್ಚ್ ಹಿಡಿದಿದ್ದೆ. ಟ್ರಕ್ಕಿನ ಆಕ್ಸಲ್ ಇನ್ನೂ ಗ್ಯಾರೇಜಿನ ಬಾಗಿಲಲ್ಲೇ ಇದೆ. ಗುಜರಿಯವನು ತೂಕದ ಬೆಲೆಗೆ ವಾಪಸ್ ಕೇಳುತ್ತಿದ್ದಾನೆ, ನನಗೆ ಕೊಡಲು ಮನಸ್ಸಾಗುತ್ತಿಲ್ಲ.