ಪಿಗ್ಮಿ ಪುಸ್ತಕ, ಮ್ಯಾಕ್ರೋ ಪಾಠ

ನಾಡಿದ್ದು ಮ್ಯಾಕ್ರೋ ಎಕನಾಮಿಕ್ಸ್, ಅಂದರೆ ಇಡೀ ಅರ್ಥವ್ಯವಸ್ಥೆಯ ಪಾಠದ, ಇಂಟರ್ನಲ್ಸ್ ಪರೀಕ್ಷೆ. ಮಲ್ಪೆಯಲ್ಲಿ ಅಮ್ಮನ ಚಾ ಅಂಗಡಿಯ ಬೆಂಚಲ್ಲಿ ಕೂತು ಗುಣಕ, ಅಂದರೆ ಹಾಕಿದ ದುಡ್ಡು ಎಷ್ಟು ಪಟ್ಟು ಆದಾಯ ಆಗುತ್ತದೆ ಅನ್ನುವ ಲೆಕ್ಕ, ಓದುತ್ತಿದ್ದೆ. ಜನ ತಮಗೆ ಹೆಚ್ಚುವರಿಯಾಗಿ ಸಿಕ್ಕ ಪ್ರತಿ 100 ರೂಪಾಯಿಯಲ್ಲಿ 80 ಖರ್ಚು ಮಾಡಿದರೆ, ಹೊಸದಾಗಿ ಹಾಕಿದ 100 ರೂಪಾಯಿ ಕೈಯಿಂದ ಕೈಗೆ ದಾಟಿ ಒಟ್ಟು 500 ರೂಪಾಯಿ ಆದಾಯ ಆಗುತ್ತದೆ. ಸೂತ್ರ ಬಾಯಿಪಾಠ ಇತ್ತು. ಅರ್ಥ ಆದದ್ದು ಇವತ್ತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿವೆ. ಐಸ್ ಪ್ಲಾಂಟಿಗೆ ಕೆಲಸ ಇಲ್ಲ, ಮೀನಿನ ಲಾರಿ ಇಲ್ಲ, ಅಮ್ಮನ ಚಾಕ್ಕೆ ಗಿರಾಕಿ ಇಲ್ಲ. ಗುಣಕ ಉಲ್ಟಾ ಓಡುವುದು ಅಂದರೆ ಇದೇ ಅಲ್ವಾ.

ಅಷ್ಟರಲ್ಲಿ ಪಿಗ್ಮಿಯವರು, ಅಂದರೆ ದಿನಾ ಸಣ್ಣ ಉಳಿತಾಯದ ದುಡ್ಡು ಸಂಗ್ರಹಿಸುವವರು, ಬಂದರು. ರೈನ್‌ಕೋಟಿನಿಂದ ನೀರು ಸುರಿಯುತ್ತಿತ್ತು, ಮೆಷಿನ್ ಮಾತ್ರ ಪ್ಲಾಸ್ಟಿಕ್ಕಿನೊಳಗೆ ಬೆಚ್ಚಗಿತ್ತು. "ಇವತ್ತು ಎಷ್ಟು ಅಕ್ಕ?" ಅಮ್ಮ ಡಬ್ಬಿಯಿಂದ 50ರ ನೋಟು ತೆಗೆದು ಕೊಟ್ಟರು. ಮೇ ತಿಂಗಳವರೆಗೆ ದಿನಾ ನೂರು ಕಟ್ಟುತ್ತಿದ್ದರು.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರು ಮಾಡಿದ್ದು ಈ ಪಿಗ್ಮಿ. ದಿನಕ್ಕೆ ಎರಡಾಣೆ ಕೊಟ್ಟರೂ ಮನೆ ಬಾಗಿಲಿಗೆ ಬಂದು ತೆಗೆದುಕೊಳ್ಳುತ್ತಿದ್ದರು. ನನಗೆ ಅದು ದೊಡ್ಡ ಹೆಮ್ಮೆ.

ಆದರೆ ಎಲ್ಲರೂ ಒಟ್ಟಿಗೆ ಖರ್ಚು ಕಡಿಮೆ ಮಾಡಿ ಉಳಿಸಲು ಹೊರಟರೆ ಊರಿನ ಆದಾಯವೇ ಕುಸಿಯುತ್ತದೆ ಅನ್ನುತ್ತಾರೆ ಅರ್ಥಶಾಸ್ತ್ರಜ್ಞ ಕೇನ್ಸ್. ಓದಿದಾಗ ಬೇಜಾರಾಯ್ತು. ಆಮೇಲೆ ಅನ್ನಿಸಿತು, ಅದೇ ದುಡ್ಡು ಸಾಲವಾಗಿ ಯಾರದ್ದೋ ಹೊಸ ಬಲೆಗೆ ಹೋದರೆ ಮತ್ತೆ ಇಲ್ಲೇ ಖರ್ಚಾಗುತ್ತದಲ್ಲ. ಮಳೆಗಾಲದಲ್ಲಿ ಹಾಗೆ ಸಾಲ ಕೇಳುವವರು ಎಷ್ಟು ಜನ? ನಾಳೆ ಕ್ಲಾಸಲ್ಲಿ ಸರ್ ಹತ್ತಿರ ಇದನ್ನೇ ಕೇಳಬೇಕು.