ಒಂದೇ ಒಲೆಯ ಕೊರಿಯನ್ ಅಡುಗೆ

ಕೊಡಗಿನ ನಾಪೋಕ್ಲಿನ ಕಡೆಯಿಂದ ದಕ್ಷಿಣ ಕೊರಿಯಾದ ದೇಜಾನ್ ನಗರಕ್ಕೆ ಓದಲು ಬಂದಿರುವ ನನಗೆ ಊರಿನಿಂದ ಬರುವ ಫೋನುಗಳಲ್ಲಿ ಪಾಠಕ್ಕಿಂತ ಊಟದ ವಿಚಾರವೇ ಹೆಚ್ಚು. ಒಂದು ಇಂಡಕ್ಷನ್ ಒಲೆ, ಕೈ ತೊಳೆಯುವಷ್ಟೇ ಅಗಲದ ಸಿಂಕು ಮತ್ತು ಮಂಡಿಯೆತ್ತರದ ಫ್ರಿಜ್ಜು ಇರುವ ಕೋಣೆಯಲ್ಲಿ ಅಡುಗೆ ಹೇಗೆ ಸಾಧ್ಯವೆಂದು ಅವ್ವ ಕೇಳುತ್ತಾರೆ. ಅದು ಸಾಧ್ಯವಾಗಿರುವುದಕ್ಕೆ ನನ್ನ ಚುರುಕುತನ ಕಾರಣವಲ್ಲ. ಕೊರಿಯನ್ನರ ಮನೆಯಡುಗೆಯಲ್ಲಿ ಕಷ್ಟದ ಕೆಲಸವೆಲ್ಲ ಒಲೆ ಹೊತ್ತಿಸುವುದಕ್ಕೆ ಎಷ್ಟೋ ತಿಂಗಳು ಮೊದಲೇ ಭರಣಿಯೊಳಗೆ ಮುಗಿದಿರುತ್ತದೆ.

ಸೋಯಾ ಕಾಳನ್ನು ಬೇಯಿಸಿ, ಅರೆದು, ಇಟ್ಟಿಗೆಯಂತೆ ತಟ್ಟಿ, ಭತ್ತದ ಹುಲ್ಲಿನಲ್ಲಿ ಕಟ್ಟಿ ತೂಗುಹಾಕುತ್ತಾರೆ. ಇದಕ್ಕೆ ಮೆಜು ಎನ್ನುತ್ತಾರೆ. ಬೂಷ್ಟು ಹಿಡಿದು ಒಣಗಿದ ಮೆಜುವನ್ನು ಉಪ್ಪುನೀರಿನ ಮಣ್ಣಿನ ಭರಣಿಯಲ್ಲಿ ನೆನೆಹಾಕಿ, ಕೆಲವು ವಾರಗಳ ನಂತರ ಬೇರ್ಪಡಿಸಿದರೆ ತಿಳಿಯಾದ ಭಾಗ ಗಂಜಾಂಗ್ ಎಂಬ ಸೋಯಾ ಸಾಸ್ ಆಗುತ್ತದೆ, ಉಳಿದ ಗಟ್ಟಿ ದ್ವೆಂಜಾಂಗ್ ಆಗುತ್ತದೆ. ಮೆಜು ಪುಡಿಗೆ ಒಣಮೆಣಸಿನ ಪುಡಿ, ಅಂಟಕ್ಕಿ ಮತ್ತು ಉಪ್ಪು ಸೇರಿಸಿ ಹುದುಗಿಸಿದರೆ ಗೊಚುಜಾಂಗ್. ಜಾಂಗ್ ಎಂದು ಕರೆಯುವ ಈ ಮೂರರ ತಯಾರಿಕೆ 2024ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನನ್ನಂಥ ವಿದ್ಯಾರ್ಥಿಗೆ ಇವೆಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುತ್ತವೆ. ಕೊಡಗಿನವರಿಗೆ ಈ ಪದ್ಧತಿ ಹೊಸದೂ ಅಲ್ಲ. ಪಣಪುಳಿಯ ಹಣ್ಣನ್ನು ರಾಶಿ ಹಾಕಿ, ಇಳಿದ ರಸವನ್ನು ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ, ವರ್ಷಗಟ್ಟಲೆ ಇಟ್ಟುಕೊಳ್ಳುವ ಕಾಚಂಪುಳಿ ಎಂಬ ಹುಳಿ ಮಾಡುವುದೂ ಇದೇ ಕೆಲಸವನ್ನು. ನಮ್ಮಲ್ಲಿ ಅಂಥ ಬಾಟಲಿ ಒಂದಿದ್ದರೆ ಇವರಲ್ಲಿ ಮೂರಿವೆ.

ಕಲಿಯಲು ಹೊರಟವರು ದ್ವೆಂಜಾಂಗ್ ಚಿಗೆ ಎಂಬ ಗಟ್ಟಿ ಸಾರಿನಿಂದಲೇ ತೊಡಗಬೇಕೆಂಬುದು ನನ್ನ ಅಭಿಪ್ರಾಯ. ಅಕ್ಕಿಯನ್ನು ಮೊದಲ ಸಲ ತೊಳೆದ ನೀರನ್ನು ಚೆಲ್ಲಿ, ಎರಡನೆಯ ಸಲದ ಬಿಳಿ ನೀರನ್ನು ಪಾತ್ರೆಗೆ ಹಾಕಿ, ತಲೆ ಮತ್ತು ಹೊಟ್ಟೆಯ ಕಪ್ಪು ಭಾಗ ತೆಗೆದ ಒಣ ನೆತ್ತಲಿ ಮೀನನ್ನೂ ಕಡಲಪಾಚಿಯ ಒಂದು ತುಂಡನ್ನೂ ಅದರಲ್ಲಿ ಕಾಯಿಸುತ್ತೇನೆ. ಹೊಟ್ಟೆಯ ಭಾಗ ಉಳಿದರೆ ಸಾರು ಕಹಿಯಾಗುತ್ತದೆ; ಕುದಿ ಬಂದೊಡನೆ ಪಾಚಿಯನ್ನು ತೆಗೆಯದಿದ್ದರೆ ಲೋಳೆ ಬಿಡುತ್ತದೆ. ಮೀನನ್ನೂ ತೆಗೆದ ಮೇಲೆ ಒಂದು ದೊಡ್ಡ ಚಮಚ ದ್ವೆಂಜಾಂಗ್ ಕದಡಿ, ಈರುಳ್ಳಿ, ಎಳೆಯ ಸೀಮೆಬದನೆಯಷ್ಟು ಮೆದುವಾದ ಹಸಿರು ಕುಂಬಳ, ಬೆಳ್ಳುಳ್ಳಿ, ತೋಫು ಹಾಕಿ ಹತ್ತು ನಿಮಿಷ ಬೇಯಿಸಿದರೆ ಮುಗಿಯಿತು. ಒಗ್ಗರಣೆಯಿಲ್ಲ, ಮಸಾಲೆ ಹುರಿಯುವುದಿಲ್ಲ, ತೆಂಗಿನಕಾಯಿಯಿಲ್ಲ. ಪಾತ್ರೆಯ ಅಂಚಿನಲ್ಲಿ ಕಂದು ನೊರೆ ಏಳುವಾಗ ಬರುವ ವಾಸನೆ ಹೊಸಬರಿಗೆ ಸಹ್ಯವಲ್ಲ ಎನ್ನುವವರಿದ್ದಾರೆ. ಒಣಮೀನಿನ ಚಟ್ನಿ ತಿಂದು ಬೆಳೆದವರಿಗೆ ಅದೊಂದು ಅಡ್ಡಿಯೇ ಅಲ್ಲ.

ಕಿಮ್ಚಿಯ ಮಾತು ಬೇರೆ. ಅದಕ್ಕೆ ಸಮಯವನ್ನು ನಾವೇ ಕೊಡಬೇಕು. ಉದ್ದ ಜಾತಿಯ ಎಲೆಕೋಸನ್ನು ಬುಡದಿಂದ ಸೀಳಿ, ಎಲೆಯೆಲೆಯ ನಡುವೆ, ಅದರಲ್ಲೂ ದಪ್ಪನೆಯ ಬಿಳಿ ದಂಟಿಗೆ, ಹರಳುಪ್ಪು ಉದುರಿಸಿಡುತ್ತಾರೆ. ದಂಟನ್ನು ಮಡಿಸಿದಾಗ ಟಕ್ಕೆಂದು ಮುರಿಯದೆ ಬಾಗಿದರೆ ಉಪ್ಪು ಹಿಡಿದಿದೆಯೆಂದು ಅರ್ಥ. ಆಮೇಲೆ ತೊಳೆದು, ಕಮುಚಿ ನೀರಿಳಿಸಿ, ಅಂಟಕ್ಕಿ ಹಿಟ್ಟಿನ ಗಂಜಿಗೆ ಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ, ಸಣ್ಣಗೆ ಹೆಚ್ಚಿದ ಮೂಲಂಗಿ, ಉಪ್ಪಿನಲ್ಲಿಟ್ಟ ಸಿಗಡಿ ಮತ್ತು ಮೀನಿನ ರಸ ಕಲಸಿ ಪ್ರತಿ ಎಲೆಗೂ ಹಚ್ಚಬೇಕು. ಚಳಿಗಾಲಕ್ಕೆ ಮುಂಚೆ ಮನೆಯವರೂ ನೆರೆಯವರೂ ಕೂಡಿ ಇದನ್ನು ರಾಶಿಗಟ್ಟಲೆ ಮಾಡುವ ಕಿಮ್ಜಾಂಗ್ 2013ರಲ್ಲಿಯೇ ಯುನೆಸ್ಕೋ ಪಟ್ಟಿಯಲ್ಲಿ ಬಂದಿತ್ತು. ಇಲ್ಲಿನ ಮೆಣಸಿನ ಪುಡಿ ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿದ್ದು. ಬಣ್ಣ ಹೆಚ್ಚು, ಖಾರ ಅಷ್ಟಿಲ್ಲ. ಊರಿನಲ್ಲಿ ಮಾಡುವವರು ಬ್ಯಾಡಗಿ ಮೆಣಸಿನ ಬೀಜ ಉದುರಿಸಿ ಇದೇ ರೀತಿ ಪುಡಿ ಮಾಡಿಕೊಳ್ಳಬಹುದು, ಗುಂಟೂರು ಮೆಣಸು ಬೇಡ. ತಿನ್ನಲಾರದಷ್ಟು ಹುಳಿಯಾದ ಕಿಮ್ಚಿಯನ್ನು ಯಾರೂ ಎಸೆಯುವುದಿಲ್ಲ, ಹಂದಿ ಮಾಂಸದೊಂದಿಗೆ ಕುದಿಸುವ ಚಿಗೆಗೆ ಹುಳಿಯಾದದ್ದೇ ಬೇಕು.

ಹಂದಿ ಮಾಂಸದ ವಿಚಾರದಲ್ಲಿ ಕೊಡಗಿನವರಿಗೆ ಸಲಹೆ ಕೊಡುವುದು ಧೈರ್ಯದ ಕೆಲಸವೇ ಸರಿ. ಗೊಚುಜಾಂಗಿನಲ್ಲಿ ಕಲಸಿ ಬಾಣಲೆಯಲ್ಲಿ ಹುರಿಯುವ ಜೆಯುಕ್ ಬೊಕ್ಕಮ್ ಸಿಹಿ ಮುಂದಾದ ಅಡುಗೆ. ಅದಕ್ಕೆ ಕಾಚಂಪುಳಿ ಹಾಕಿದರೆ ಎರಡೂ ಕೆಡುತ್ತವೆ. ಆದರೆ ಒಂದು ಚಮಚ ದ್ವೆಂಜಾಂಗ್ ಹಾಕಿದ ನೀರಿನಲ್ಲಿ ಕೊಬ್ಬಿರುವ ಮಾಂಸವನ್ನು ಇಡಿಯಾಗಿ ಬೇಯಿಸಿ ತೆಳ್ಳಗೆ ಕತ್ತರಿಸುವ ಸುಯುಕ್ ಇದೆಯಲ್ಲ, ಅದರ ಪಕ್ಕದಲ್ಲಿ ಕಾಚಂಪುಳಿ, ಹಸಿಮೆಣಸು, ಉಪ್ಪು ಕಲಸಿಟ್ಟರೆ ನನ್ನ ಕೊರಿಯನ್ ಸಹಪಾಠಿಗಳೂ ಅದರೊಂದಿಗೆ ಇಡುವ ಉಪ್ಪುಸಿಗಡಿಯ ಬಟ್ಟಲನ್ನು ಬಿಟ್ಟು ಇತ್ತ ಕೈ ಚಾಚುತ್ತಾರೆ.

ಮಳೆಗಾಲದಲ್ಲಿ ತೋಡಿನ ಬದಿಯಲ್ಲಿ ಕೊಯ್ಯುವ ತೆರ್ಮೆ ಸೊಪ್ಪಿನ ನೆನಪಾದವರಿಗೆ ಇಲ್ಲಿ ಗೊಸಾರಿ ಇದೆ. ಇದು ಬೇರೆ ಜಾತಿಯ ಜರೀಗಿಡ. ಹಸಿಯಾಗಿ ವಿಷಕಾರಿಯಾದ್ದರಿಂದ ಕುದಿಸಿ ಒಣಗಿಸಿ ಮಾರುತ್ತಾರೆ. ಮನೆಯಲ್ಲಿ ರಾತ್ರಿಯಿಡೀ ನೆನೆಸಿ, ಮತ್ತೆ ಬೇಯಿಸಿ, ಆ ನೀರನ್ನು ಚೆಲ್ಲಿ, ಗಂಜಾಂಗ್, ಬೆಳ್ಳುಳ್ಳಿ, ಎಳ್ಳೆಣ್ಣೆಯಲ್ಲಿ ಬಾಡಿಸಬೇಕು. ಬೈಂಬಳೆಯನ್ನು, ಅಂದರೆ ಎಳೆ ಬಿದಿರಿನ ಕಳಲೆಯನ್ನು, ದಿನವೂ ನೀರು ಬದಲಿಸಿ ನೆನೆಸಿಡುವ ಮನೆಯವರಿಗೆ ಈ ಕ್ರಮವನ್ನು ಯಾರೂ ಕಲಿಸಬೇಕಿಲ್ಲ.

ಧಾರಾವಾಹಿ ನೋಡುವ ತಂಗಿಯಂದಿರು ಕೇಳುವುದು ಮಾತ್ರ ತೊಕ್ಬೊಕ್ಕಿಯನ್ನು. ಅಕ್ಕಿಯ ಕಡುಬಿನ ಕೋಲುಗಳನ್ನು ಗೊಚುಜಾಂಗ್ ಸಾರಿನಲ್ಲಿ ಕುದಿಸುವ ಆ ತಿಂಡಿ ರುಚಿಯಾಗಿಯೇ ಇದೆ, ಆದರೆ ಒಂದು ಡಬ್ಬಿ ಮಾತ್ರ ಕೊಳ್ಳಲು ಹಣವಿದ್ದರೆ ಗೊಚುಜಾಂಗನ್ನು ಬಿಟ್ಟು ದ್ವೆಂಜಾಂಗ್ ತರಿಸಿಕೊಳ್ಳಿ. ಸಂತೆಯ ಒಣ ನೆತ್ತಲಿಯಲ್ಲಿ ಮರಳಿರುವುದರಿಂದ ಅದನ್ನು ಮಾತ್ರ ಚೆನ್ನಾಗಿ ತೊಳೆದು ಹಾಕಿ.