ಹಡಗಿನ ಕಬಾನಾದಲ್ಲಿ ಒಂದು ದಿನ: ಏನೇನು ಸಿಗುತ್ತದೆ, ಯಾರಿಗೆ ಎಷ್ಟು ಕೊಡಬೇಕು

ಸಿಂಗಪುರದಿಂದ ಹೊರಡುವ ಕ್ರೂಸ್ ಹಡಗಿನಲ್ಲಿ ನಾಲ್ಕು ರಾತ್ರಿ ಇದ್ದು ಶಿರಸಿಗೆ ವಾಪಸಾದ ಮೇಲೆ, ಮನೆಗೆ ಬಂದವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡಿದಿರಿ? ಟಿಪ್ಸ್ ಎಷ್ಟು ಕೊಟ್ಟಿರಿ? ಊಟದ್ದು ಸುಲಭ. ಟಿಕೆಟ್ ಮಾಡಿಸುವಾಗಲೇ ಸಸ್ಯಾಹಾರ ಎಂದು ಬರೆಸಿ, ಮೊದಲ ರಾತ್ರಿ ಊಟದ ಹಾಲ್‌ನ ಮುಖ್ಯಸ್ಥರಿಗೆ ಇನ್ನೊಮ್ಮೆ ಹೇಳಿದರೆ ಅನ್ನ, ದಾಲು, ಮೊಸರು ಬಂದೇ ಬರುತ್ತದೆ. ಬೆಳ್ಳುಳ್ಳಿ ತಿನ್ನದವರು ಜೈನ ಊಟ ಎಂದು ಬರೆಸಬಹುದು. ಟಿಪ್ಸ್ ವಿಷಯಕ್ಕೆ ಮಾತ್ರ ಒಂದು ವಾಕ್ಯದಲ್ಲಿ ಉತ್ತರ ಹೇಳಲು ಬರುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಡಕೆ ಕೊಯ್ಲಿನ ಗಡಿಬಿಡಿ ಮುಗಿಸಿಕೊಂಡು ಫೆಬ್ರುವರಿಯಲ್ಲಿ ಹೊರಟವರು ನಾವು ನಾಲ್ಕು ಜನ: ಆಯಿ (ಅಮ್ಮ), ನಾನು, ಹೆಂಡತಿ, ಮಗಳು. ಶಿರಸಿಯಿಂದ ರಾತ್ರಿ ಬಸ್ಸಿಗೆ ಬೆಂಗಳೂರು, ಅಲ್ಲಿಂದ ವಿಮಾನ. ಹಡಗು ಪೆನಾಂಗ್, ಫುಕೆಟ್ ನೋಡಿಕೊಂಡು ಸಿಂಗಪುರಕ್ಕೇ ಮರಳುತ್ತದೆ, ಆದ್ದರಿಂದ ಸಿಂಗಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದೇ ಎಂದು ನೋಡಿಕೊಳ್ಳಿ. ಕವಳ (ಎಲೆ ಅಡಕೆ) ಹಾಕುವ ಹಿರಿಯರು ಜೊತೆಗಿದ್ದರೆ ಇನ್ನೊಂದು ಮಾತು: ಜಗಿಯುವ ತಂಬಾಕು ಸಿಂಗಪುರದಲ್ಲಿ ನಿಷಿದ್ಧ, ಎಸಳೂ ಚೀಲದಲ್ಲಿ ಇರಕೂಡದು. ಮನೆಯಲ್ಲಿ ಮಾಡಿದ ತಿಂಡಿಯನ್ನೂ ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಆಯಿ ಭರಣಿಯಿಂದ ತೆಗೆದು ಕಟ್ಟಿಕೊಂಡಿದ್ದ ಅಪ್ಪೆಮಿಡಿಯನ್ನು ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲೇ ಬಿಟ್ಟೆವು. ಅಂಗಡಿಯಲ್ಲಿ ಸೀಲು ಮಾಡಿಸಿದ್ದ ಬಾಳೆಕಾಯಿ ಚಿಪ್ಸಿನ ಪೊಟ್ಟಣಗಳಿಗೆ ಯಾರೂ ತಕರಾರು ಮಾಡಲಿಲ್ಲ.

ಕಬಾನಾ ಅಂದರೆ ಡೆಕ್ಕಿನ ಮೇಲೆ ದಿನದ ಬಾಡಿಗೆಗೆ ಸಿಗುವ ನೆರಳಿನ ಪುಟ್ಟ ಚಪ್ಪರ. ಅದನ್ನು ಹಿಡಿದದ್ದು ಆಯಿಗೋಸ್ಕರ. ಎಪ್ಪತ್ತನಾಲ್ಕು ವರ್ಷ, ಮೊಣಕಾಲು ನೋವು. ಹಡಗು ಎಲ್ಲೂ ನಿಲ್ಲದೆ ಇಡೀ ದಿನ ನೀರಿನ ಮೇಲೇ ಇರುವ ದಿನ ಸಾವಿರಾರು ಜನ ಒಟ್ಟಿಗೆ ಮೇಲಿನ ಡೆಕ್ಕಿಗೆ ಬರುತ್ತಾರೆ. ಬೆಳಿಗ್ಗೆ ಏಳೂವರೆಗೆ ಹೋಗಿ ನೋಡಿದರೆ ಆಗಲೇ ಕುರ್ಚಿಗಳ ಮೇಲೆಲ್ಲ ಟವೆಲ್ಲು. ನೆರಳಿರುವ ಕುರ್ಚಿಯಂತೂ ಒಂದೂ ಇರಲಿಲ್ಲ. ಮಲಕ್ಕಾ ಜಲಸಂಧಿಯ ಬಿಸಿಲು ನಮ್ಮ ಕಾರವಾರದ ಏಪ್ರಿಲ್ ಬಿಸಿಲಿನ ಹಾಗೇ, ಬೆವರು ಆರುವುದೇ ಇಲ್ಲ.

ನಮಗೆ ಸಿಕ್ಕಿದ ಕಬಾನಾ ನಾಲ್ಕು ಕಂಬದ್ದು. ಮೇಲೆ ದಪ್ಪ ಬಟ್ಟೆಯ ಮಾಡು, ಮೂರು ಕಡೆ ಪರದೆ, ಸಮುದ್ರದ ಕಡೆ ಮಾತ್ರ ತೆರೆದದ್ದು. ಒಳಗೆ ಇಬ್ಬರು ಕಾಲು ಚಾಚಿ ಮಲಗುವಷ್ಟು ಅಗಲದ ಹಾಸಿಗೆ, ಎರಡು ಕುರ್ಚಿ, ಒಂದು ಫ್ಯಾನು, ಮೂಲೆಯಲ್ಲಿ ಪುಟ್ಟ ಫ್ರಿಜ್ಜು. ಇಂಥವು ಹೆಚ್ಚಿನ ಹಡಗುಗಳಲ್ಲಿ ಕೆಲವೇ ಇರುವುದರಿಂದ ಹಡಗು ಹೊರಡುವ ಮೊದಲೇ ಆ್ಯಪ್‌ನಲ್ಲಿ ಕಾದಿರಿಸಬೇಕು, ಇಲ್ಲವೇ ಹತ್ತಿದ ಕೂಡಲೇ ಹೋಗಿ ಕೇಳಬೇಕು. ಸಮುದ್ರದ ಮೇಲಿರುವ ದಿನಕ್ಕೆ ಬಾಡಿಗೆ ಜಾಸ್ತಿ, ಬಂದರಿನಲ್ಲಿ ನಿಂತ ದಿನ ಕಡಿಮೆ. ಊರು ನೋಡಲು ಇಳಿಯಲಾರದ ಹಿರಿಯರಿದ್ದರೆ ಬಂದರಿನ ದಿನವೇ ಹಿಡಿಯುವುದು ಒಳ್ಳೆಯದು, ಡೆಕ್ಕು ಖಾಲಿ ಇರುತ್ತದೆ, ಗಲಾಟೆಯೂ ಇಲ್ಲ. ಹಣ ಕಟ್ಟುವ ಮೊದಲು ಎಷ್ಟು ಜನಕ್ಕೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಲಿಫ್ಟಿಗೆ ಹತ್ತಿರವೇ, ಸಂಗೀತದ ಸ್ಪೀಕರ್ ಎಲ್ಲಿದೆ, ಸಿಗರೇಟು ಸೇದುವ ಜಾಗ ಪಕ್ಕದಲ್ಲಿದೆಯೇ, ಜೋರು ಗಾಳಿಗೋ ಮಳೆಗೋ ಮುಚ್ಚಿದರೆ ಹಣ ವಾಪಸು ಬರುತ್ತದೆಯೇ ಎಂದು ಕೇಳಿ. ಸ್ಪೀಕರಿನ ವಿಷಯ ನಾನು ಕೇಳಿರಲಿಲ್ಲ. ಹನ್ನೊಂದು ಗಂಟೆಯಿಂದ ಆಯಿ ಕಿವಿಗೆ ಹತ್ತಿ ಇಟ್ಟುಕೊಂಡೇ ಕೂತಿದ್ದರು.

ಇನ್ನು ಬಾಡಿಗೆಯ ಜೊತೆ ಬರುವ ಸೇವೆ. ತಣ್ಣಗಿನ ಒದ್ದೆ ಟವೆಲ್ಲು, ಕುಡಿಯುವ ನೀರು, ಮಧ್ಯಾಹ್ನಕ್ಕೆ ಒಂದು ತಟ್ಟೆ ಹಣ್ಣು, ಕರೆದರೆ ಬರುವ ಒಬ್ಬ ಸಹಾಯಕ. ನಮ್ಮ ಹಡಗಿನಲ್ಲಿ ಇಷ್ಟು. ಕೆಲವು ಕಡೆ ಊಟವನ್ನೂ ಅಲ್ಲಿಗೇ ತಂದುಕೊಡುತ್ತಾರೆ, ಆದರೆ ಆ ಪಟ್ಟಿ ಚಿಕ್ಕದು, ಬರ್ಗರು, ಸ್ಯಾಂಡ್‌ವಿಚ್ಚಿನ ಜಾತಿಯದು. ಸಸ್ಯಾಹಾರಿಗಳು ಹಿಂದಿನ ದಿನವೇ ಹೇಳಿಡಬೇಕು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದಾಗ ಕೆರಿಬಿಯನ್ ಕಡೆಯ ಹಡಗು ಹತ್ತುವವರಿಗೆ ಕಬಾನಾ ಸಿಗುವುದು ಹಡಗಿನ ಮೇಲೆ ಮಾತ್ರ ಅಲ್ಲ. ಬಹಾಮಾಸ್‌ನಲ್ಲಿ ರಾಯಲ್ ಕೆರಿಬಿಯನ್‌ನವರ ಕೋಕೋಕೇ, ಡಿಸ್ನಿಯವರ ಕಾಸ್ಟವೇ ಕೇ ಹೀಗೆ ಕಂಪನಿಗಳದ್ದೇ ದ್ವೀಪಗಳಿವೆ, ಅಲ್ಲಿ ಮರಳಿನ ಮೇಲೇ ಕಬಾನಾ. ಈಜುವ ಸಲಕರಣೆ ಸೇರಿರುವುದುಂಟು, ಬಾಡಿಗೆ ಮಾತ್ರ ಡೆಕ್ಕಿನದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಮೂಲೆಯ ಆ ಫ್ರಿಜ್ಜಿನ ವಿಷಯ ಈಗ. ಅದರಲ್ಲಿ ನೀರಿನ ಬಾಟಲಿಗಳ ಪಕ್ಕದಲ್ಲೇ ಹಣ್ಣಿನ ರಸದ ಬಾಟಲಿಗಳಿದ್ದವು. ನೀರು ಬಾಡಿಗೆಯಲ್ಲಿ ಸೇರಿದ್ದು ಎಂದ ಮೇಲೆ ಅವೂ ಸೇರಿದ್ದೇ ಎಂದುಕೊಂಡು ಮಗಳು ಎರಡು ತೆಗೆದಳು. ಸ್ವಲ್ಪ ಹೊತ್ತಿಗೆ ಚೀಟಿ ಬಂತು. ಆ ಚೀಟಿಯನ್ನು ನಾನು ಊರಿಗೂ ತಂದಿದ್ದೇನೆ, ಯಾರಾದರೂ ಹಡಗಿಗೆ ಹೊರಟರೆ ತೋರಿಸುತ್ತೇನೆ. ಒಂದು ಬಾಟಲಿಗೆ 9 ಅಮೆರಿಕನ್ ಡಾಲರ್. ಕೆಳಗಿನ ಸಾಲಿನಲ್ಲಿ ಸೇವಾ ಭಕ್ಷೀಸು ಶೇ. 18, ಅಂದರೆ 1.62. ಬಾಟಲಿಗೆ ಒಟ್ಟು 10.62. ಅದರ ಕೆಳಗೆ ಇನ್ನೊಂದು ಸಾಲು, ಹೆಚ್ಚುವರಿ ಟಿಪ್ಸ್ ಎಂದು, ಎದುರಿಗೆ ಖಾಲಿ ಜಾಗ. ಅದರ ಕೆಳಗೆ ಸಹಿ.

ಆ ಖಾಲಿ ಜಾಗ ನೋಡಿದ ಕೂಡಲೇ ಏನಾದರೂ ಬರೆಯಲೇಬೇಕು ಅನ್ನಿಸುತ್ತದೆ. ಬರೆಯಬೇಕಾಗಿಲ್ಲ. ಟಿಪ್ಸು ಮೇಲಿನ ಸಾಲಿನಲ್ಲೇ ಹೋಗಿದೆ. ಹಡಗಿನಲ್ಲಿ ಪಾನೀಯಕ್ಕೆ ಶೇ. 18ರಿಂದ 20ರವರೆಗೆ ತಾನಾಗಿಯೇ ಸೇರುವುದು ಬಹಳ ಕಂಪನಿಗಳ ಕ್ರಮ. ಅಡ್ಡಗೆರೆ ಎಳೆದು ಸಹಿ ಹಾಕಿ. ಇದರಲ್ಲಿ ಜಿಪುಣತನ ಏನೂ ಇಲ್ಲ.

ಇದರ ಜೊತೆಗೆ ದಿನದ ಟಿಪ್ಸ್ ಬೇರೆ. ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು ನಿಮ್ಮ ಹಡಗಿನ ಖಾತೆಗೆ ಬೀಳುತ್ತದೆ, ಮಕ್ಕಳಿಗೂ ಸೇರಿಸಿ. 18ರಂತೆ ಹಿಡಿದರೂ ನಾಲ್ಕು ಜನಕ್ಕೆ ನಾಲ್ಕು ರಾತ್ರಿಗೆ 288 ಡಾಲರ್ ಆಯಿತು. ಟಿಕೆಟ್ಟಿನ ಬೆಲೆ ನೋಡುವಾಗಲೇ ಇದನ್ನು ಕೂಡಿಸಿ ನೋಡಿ, ಆಮೇಲೆ ಎದೆ ಒಡೆದುಕೊಳ್ಳುವುದು ಬೇಡ. ಕೋಣೆ ಗುಡಿಸುವವರು, ಬಡಿಸುವವರು, ನಮ್ಮ ಕಣ್ಣಿಗೇ ಬೀಳದೆ ಕೆಳಗೆ ಬಟ್ಟೆ ಒಗೆಯುವವರು, ಇವರಿಗೆಲ್ಲ ಹಂಚಿಕೆಯಾಗುವ ಹಣ ಅದು. ಕೌಂಟರಿಗೆ ಹೋಗಿ ಹೇಳಿದರೆ ತೆಗೆದುಹಾಕುತ್ತಾರೆ ಎಂದು ಸಹಪ್ರಯಾಣಿಕರು ಉಪದೇಶ ಮಾಡುತ್ತಾರೆ, ನಮಗೂ ಮಾಡಿದರು. ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟು ಖಂಡಿತವಾಗಿ ಹೇಳಲು ನನಗೊಂದು ಕಾರಣವಿದೆ. ನಮ್ಮ ಅಕ್ಕನ ಮಗ ಇಂಥದೇ ಇನ್ನೊಂದು ಹಡಗಿನಲ್ಲಿ ಬಡಿಸುವ ಕೆಲಸಕ್ಕಿದ್ದಾನೆ, ಕಾರವಾರದ ಇನ್ನೊಬ್ಬ ಹುಡುಗನ ಜೊತೆ ಕಿಟಕಿಯಿಲ್ಲದ ಕೋಣೆಯಲ್ಲಿ ಮೇಲೆ ಕೆಳಗೆ ಮಂಚ. ಎಂಟು ತಿಂಗಳ ಒಪ್ಪಂದ, ದಿನಕ್ಕೆ ಹತ್ತು ಹನ್ನೊಂದು ಗಂಟೆ, ಭಾನುವಾರ ಎಂಬುದಿಲ್ಲ. ಹೊರಡುವ ಮೊದಲು ಅವನಿಗೇ ಫೋನ್ ಮಾಡಿ ಕೇಳಿದ್ದೆ. "ಮಾವ, ಖಾತೆಗೆ ಬೀಳೋದನ್ನ ಮುಟ್ಟಬೇಡ. ಕೈಯಲ್ಲಿ ಕೊಡೋದು ನಿನ್ನ ಖುಷಿ. ಆದ್ರೆ ಕಬಾನಾ ನೋಡ್ಕೊಳ್ಳೋ ಹುಡುಗಂಗೆ ಕೈಯಲ್ಲೇ ಕೊಡು, ಬಹಳ ಕಡೆ ದಿನದ ಹಂಚಿಕೆಯಲ್ಲಿ ಅವಂಗೆ ಸರಿಯಾದ ಪಾಲು ಇರೂದಿಲ್ಲ" ಅಂದ. ಕಬಾನಾ ಬಾಡಿಗೆಯಲ್ಲೇ ಟಿಪ್ಸ್ ಸೇರಿದೆಯೇ ಎಂದು ಕಾದಿರಿಸುವಾಗ ಕೇಳು ಎಂದೂ ಹೇಳಿದ. ಕೇಳಿದೆ, ನಮ್ಮದರಲ್ಲಿ ಸೇರಿರಲಿಲ್ಲ.

ಎಷ್ಟು ಎಂಬುದಕ್ಕೆ ನನ್ನ ಲೆಕ್ಕ: ನಾಲ್ಕು ಜನ ಇಡೀ ದಿನ ಇದ್ದರೆ 20 ಡಾಲರ್, ಅರ್ಧ ದಿನಕ್ಕೆ 10. ನಮ್ಮ ದುಡ್ಡಿನಲ್ಲಿ 20 ಎಂದರೆ 1,700 ರೂಪಾಯಿಗೂ ಮೇಲೆ, ಸಣ್ಣ ಮೊತ್ತ ಅಲ್ಲವೇ ಅಲ್ಲ. ಮಕ್ಕಳ ದಂಡು ಇದ್ದು ಇಪ್ಪತ್ತು ಸಲ ಓಡಾಡಿಸಿದರೆ ಇನ್ನೂ ಸ್ವಲ್ಪ. ಬಾಡಿಗೆಯ ಶೇ. 10-15 ಎಂದು ಕೊಡುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ, ಜಾಗ ಚೆನ್ನಾಗಿದೆ ಎಂದು ಬಾಡಿಗೆ ಏರುತ್ತದೆ, ಆ ಹುಡುಗನ ಓಡಾಟ ಎಲ್ಲಿದ್ದರೂ ಅಷ್ಟೇ. ಹಡಗಿನೊಳಗೆ ಎಲ್ಲದಕ್ಕೂ ಕಾರ್ಡೇ ನಡೆಯುವುದರಿಂದ ಕೈಯಲ್ಲಿ ನೋಟು ಇರುವುದಿಲ್ಲ. ಬೆಂಗಳೂರಿನಲ್ಲೇ 5, 10ರ ಡಾಲರ್ ನೋಟು ಮಾಡಿಸಿಕೊಳ್ಳಿ. ಚಿಲ್ಲರೆ ನಾಣ್ಯ ಕೊಡಬೇಡಿ, ಬೇರೆ ದೇಶದಲ್ಲಿ ಅವರಿಗೆ ಅದನ್ನು ಬದಲಾಯಿಸಿಕೊಳ್ಳಲು ಆಗುವುದಿಲ್ಲ.

ಆ ದಿನ ಬೆಳಿಗ್ಗೆ ನಮ್ಮ ಕಬಾನಾಕ್ಕೆ ಬಂದವನು ಇಂಡೋನೇಷ್ಯಾದ ಹುಡುಗ. ಆಯಿಯ ನಡಿಗೆ ನೋಡಿದವನೇ ತಾನಾಗಿ ಹೋಗಿ ಎತ್ತರದ ಕುರ್ಚಿ ಹುಡುಕಿ ತಂದ, ತಗ್ಗಿನ ಹಾಸಿಗೆಯಿಂದ ಏಳಲು ಕಷ್ಟ ಎಂದು ನಾವು ಹೇಳಿರಲೇ ಇಲ್ಲ. ತಣ್ಣಗಿನ ಟವೆಲ್ಲು ತಂದಾಗ ಒಂದನ್ನು ಮಡಚಿ ಆಯಿಯ ಮೊಣಕಾಲ ಮೇಲೆ ಇಟ್ಟ. ಅದು ಬೆಚ್ಚಗಾಗುವ ಹೊತ್ತಿಗೆ ಇನ್ನೊಂದು. ಹೀಗೆ ನಾಲ್ಕೈದು ಸಲ. ಹನ್ನೆರಡರ ಸುಮಾರಿಗೆ ಆಯಿ "ಈ ಮಾಣಿ ಊಟ ಮಾಡಿದ್ನಾ ಕೇಳು" ಎಂದರು. ಟಿಪ್ಸ್ ವಿಷಯ ಹೇಳಿದಾಗ ಅವರಿಗೆ ಸಂಕೋಚ. "ದುಡ್ಡು ಕೊಟ್ರೆ ಅವಂಗೆ ಬೇಜಾರಾಗ್ತಿಲ್ಯಾ?" ನಮ್ಮ ಮನೆಗಳಲ್ಲಿ ಪಂಕ್ತಿಯಲ್ಲಿ ಬಡಿಸುವವರು ನೆಂಟರ ಮಕ್ಕಳೇ. ಬಡಿಸಿದ್ದಕ್ಕೆ ದುಡ್ಡು ಕೊಟ್ಟರೆ ಮನೆಯವರನ್ನೇ ಅವಮಾನ ಮಾಡಿದಂತೆ. ಆಯಿಯ ಪ್ರಶ್ನೆಯಲ್ಲಿ ಇದ್ದದ್ದು ಆ ಗೌರವ. ಇಲ್ಲಿ ಅದು ಅವನ ಸಂಬಳದ ಒಂದು ಭಾಗ ಎಂದು ಬಿಡಿಸಿ ಹೇಳಿದ ಮೇಲೆ ಒಪ್ಪಿದರು, ತಾನೇ ಕೊಡುತ್ತೇನೆ ಎಂದರು. ಸಂಜೆ ಹೊರಡುವಾಗ ಕೊಟ್ಟರಾಯಿತು ಎಂದು ಎತ್ತಿಟ್ಟುಕೊಂಡೆವು.

ಎರಡು ಗಂಟೆಗೆ ಬೇರೆ ಹುಡುಗಿ ಬಂದಳು. ಪಾಳಿ ಬದಲಾಗಿತ್ತು.

ಇದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ: ಬೆಳಿಗ್ಗೆ ಬಂದವರೇ ಸಂಜೆವರೆಗೆ ಇರುತ್ತಾರೆ ಎಂದುಕೊಳ್ಳಬೇಡಿ. ಹಡಗಿನ ಹುಡುಗರು ಒಂದೇ ದಿನದಲ್ಲಿ ಎರಡು ಮೂರು ಕಡೆ ಕೆಲಸ ಮಾಡುತ್ತಾರೆ. ಬಂದ ಕೂಡಲೇ ಹೆಸರು ಕೇಳಿ, ನಿಮ್ಮ ಪಾಳಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದೂ ಕೇಳಿ. ಇಪ್ಪತ್ತನ್ನು ಹತ್ತು ಹತ್ತು ಮಾಡಿ ಇಬ್ಬರಿಗೂ ಅವರವರು ಹೊರಡುವ ಮೊದಲೇ ಕೊಡಿ. ಮಧ್ಯಾಹ್ನದ ಹುಡುಗಿಗೆ ಕೊಟ್ಟೆವು, ಅವಳೂ ಚೆನ್ನಾಗಿ ನೋಡಿಕೊಂಡಳು. ಆದರೆ ಆಯಿ ರಾತ್ರಿ ಊಟಕ್ಕೆ ಕೂತಾಗಲೂ ಅವನನ್ನೇ ಹುಡುಕುತ್ತಿದ್ದರು.

ಆ ರಾತ್ರಿ ಮಾಡಿಕೊಳ್ಳಬೇಕಾದ ಕೆಲಸ ಎರಡಿವೆ. ಒಂದು, ಖಾತೆಯ ಲೆಕ್ಕ ಪೂರ್ತಿ ನೋಡುವುದು. ಬಾಡಿಗೆಯಲ್ಲಿ ಸೇರಿದ್ದ ನೀರಿನ ಬಾಟಲಿಗಳಿಗೂ ನಮ್ಮ ಖಾತೆಯಲ್ಲಿ ದುಡ್ಡು ಬಿದ್ದಿತ್ತು. ಕೌಂಟರಿನಲ್ಲಿ ತೋರಿಸಿದ್ದಕ್ಕೆ ಐದು ನಿಮಿಷದಲ್ಲಿ ತೆಗೆದರು. ಮಾರನೇ ದಿನ ಬೆಳಿಗ್ಗೆ ಅದೇ ಕೌಂಟರಿನ ಮುಂದೆ ಉದ್ದ ಸಾಲು. ಇನ್ನೊಂದು, ಅಭಿಪ್ರಾಯ ಕೇಳುವ ಫಾರ್ಮಿನಲ್ಲಿ ಚೆನ್ನಾಗಿ ನೋಡಿಕೊಂಡವರ ಹೆಸರು ಬರೆಯುವುದು. ಹೆಸರಿನ ಸಮೇತ ಬಂದ ಮೆಚ್ಚುಗೆಯನ್ನು ಮೇಲಿನವರು ನೋಡುತ್ತಾರೆ, ಬಡ್ತಿ ಕೊಡುವಾಗಲೂ ಅದು ಲೆಕ್ಕಕ್ಕೆ ಬರುತ್ತದೆ ಎಂದು ಅಕ್ಕನ ಮಗ ಹೇಳಿದ್ದ. ಎದೆಯ ಮೇಲಿನ ಪಟ್ಟಿಯಲ್ಲಿದ್ದ ಹೆಸರನ್ನು ಮಗಳು ಬೆಳಿಗ್ಗೆಯೇ ಫೋನಿನಲ್ಲಿ ಬರೆದುಕೊಂಡಿದ್ದಳು, ಅದನ್ನು ನೋಡಿ ಅಕ್ಷರ ತಪ್ಪದಂತೆ ತುಂಬಿದೆವು.

ಇಳಿಯುವ ದಿನ ಬೆಳಿಗ್ಗೆ ಆರೂವರೆಗೆ ತಿಂಡಿಗೆ ಹೋದೆವು. ಚೀಲ ಎಳೆದುಕೊಂಡೇ ಬಂದ ಜನ, ಕೂರಲು ಜಾಗವಿಲ್ಲ. ಆಯಿ ನನ್ನ ತೋಳು ಹಿಡಿದು ನಿಲ್ಲಿಸಿದರು. ಕಿಟಕಿ ಪಕ್ಕದ ಮೇಜಿನಲ್ಲಿ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದವನು ಅವನೇ. ಆಯಿ ಕೈಚೀಲದಿಂದ ಬಾಳೆಕಾಯಿ ಚಿಪ್ಸಿನ ಪೊಟ್ಟಣ ತೆಗೆದರು, ಮಡಚಿದ ನೋಟನ್ನು ಅದರ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿಕೊಂಡರು, ವೀಳ್ಯದ ಮೇಲೆ ದಕ್ಷಿಣೆ ಇಟ್ಟು ಕೊಡುವ ಹಾಗೆ ಎರಡೂ ಕೈಯಲ್ಲಿ ಮುಂದೆ ಹಿಡಿದರು. ಅವನು ತಟ್ಟೆ ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲೇ ತೆಗೆದುಕೊಂಡ. ಆಮೇಲೆ ಆಯಿಯ ಮೊಣಕಾಲಿನ ಕಡೆ ಬೆರಳು ತೋರಿಸಿ, ಈಗ ಹೇಗಿದೆ ಎನ್ನುವಂತೆ ಹುಬ್ಬು ಏರಿಸಿದ.